ಬಾಗಿಲ ಸಂದಿಯ ಸೀರೆ

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ರೇಷ್ಮೆಹುಳು ಸಾಕಿಕೊಂಡಿದ್ದ ಶೋಭಾರಾಣಿಗೆ ಲಡಾಖ್ ನೋಡುವ ಹುಚ್ಚು ಹತ್ತಿಸಿದ್ದು ಗಂಡ ಗಂಗಾಧರ. ನಂದಿಬೆಟ್ಟದ ಮೆಟ್ಟಿಲನ್ನೇ ಹತ್ತದ ಮಹಾನುಭಾವ, ಅಂಥ ಮೂರು ಬೆಟ್ಟ ಪೇರಿಸಿದಷ್ಟು ಎತ್ತರಕ್ಕೆ ಅವಳನ್ನು ಕರೆತಂದಿದ್ದ.

ಮಧ್ಯಾಹ್ನವೇ ಹಿಮ ಸುರಿದು ರಸ್ತೆ ಮುಚ್ಚಿತು. ಡ್ರೈವರ್ ಇಬ್ಬರನ್ನೂ ಚಹಾ ಅಂಗಡಿಯ ಹಿಂದಿನ ಕೋಣೆಗೆ ಸೇರಿಸಿ, ಎತ್ತರದ ಜಾಗ, ತಲೆ ನೋಯುತ್ತೆ, ಹೆದರಬೇಡಿ ಎಂದು ಹಿಂದಿಯಲ್ಲಿ ಹೇಳಿ, ಅಂಗಡಿಯವನ ಜೊತೆ ಹಿಮ ತೆಗೆಯಲು ಹೋದ.

ಮೈ ಕಾಯಿಸಿಕೊಳ್ಳಲೆಂದು ಜಗಲಿಯಲ್ಲಿ ಇದ್ದಿಲ ಕೆಂಡದ ಬಾಣಲೆ ಇತ್ತು. ಗಂಗಾಧರ ಅದನ್ನು ಒಳಗೆ ಎಳೆದುಕೊಂಡ.

“ಒಳ್ಗೆ ಇಡಬೌದೇನ್ರೀ?”

“ಚಳಿಗಾಲದಲ್ಲಿ ಹುಳುಗಳಿಗೆ ನಾವು ಇಡಲ್ವೇನೇ? ಅವೇನು ಸತ್ತೋಗ್ತವಾ?”

ಶೋಭಾರಾಣಿಯೇ ಹಳೆ ಸೀರೆಯೊಂದನ್ನು ಸುತ್ತಿ ಬಾಗಿಲ ಸಂದಿಗೆ ತುರುಕಿದಳು. ಕೋಣೆ ಹಿತವಾಗಿ ಬೆಚ್ಚಗಾಯಿತು.

ತಲೆ ಸಿಡಿಯತೊಡಗಿತು. ಎತ್ತರದ್ದೇ ಇರಬೇಕು ಅಂದುಕೊಂಡಳು. ಬಿಸ್ಕತ್ತು ಕೊಟ್ಟರೆ ಗಂಗಾಧರ ಬೇಡವೆಂದ. ಈ ತಿಂಡಿಪೋತ ತಿನ್ನಲು ಬೇಡವೆಂದದ್ದನ್ನು ಮದುವೆಯಾದಾಗಿನಿಂದ ಅವಳು ಕಂಡಿರಲಿಲ್ಲ. ಗೋಡೆಗೊರಗಿದವನು ಕತ್ತು ಮೇಲೆತ್ತಿ, ಬಾಯಿ ತೆರೆದು ಸುಮ್ಮನಾಗಿಬಿಟ್ಟ.

ಇದನ್ನು ಅವಳು ಹುಳುವಿನ ತಟ್ಟೆಗಳಲ್ಲಿ ನೋಡಿದ್ದಳು. ಹುಳು ಸೊಪ್ಪು ಬಿಟ್ಟು ತಲೆ ಎತ್ತಿತೆಂದರೆ ಅತ್ತೆ ಅಕ್ಕಯ್ಯಮ್ಮ ಕೂಗಿಕೊಳ್ಳುತ್ತಿದ್ದರು: “ಗಾಳಿ ಕೆಟ್ಟೈತೆ, ಕಿಟಕಿ ತೆಗಿಯೇ!” ಊರಲ್ಲಿ ಕೆಂಡ ಇಟ್ಟಾಗಲೂ ಸೂರಿನ ಕೆಳಗಿನ ಗವಾಕ್ಷಿ ತೆರೆದೇ ಇರುತ್ತಿತ್ತು. ಇಲ್ಲಿ ಬೆರಳು ತೂರುವಷ್ಟೂ ಸಂದಿಯಿಲ್ಲ. ಇದ್ದದ್ದನ್ನು ಮುಚ್ಚಿದವಳು ತಾನೇ.

“ರೀ! ಏಳ್ರೀ!”

ಅವನು ಮಿಸುಕಲಿಲ್ಲ. ಅವಳು ಏಳಹೋದರೆ ಕಾಲು ಕುಸಿಯಿತು. ಹೆಸರೂ ಗೊತ್ತಿಲ್ಲದ ಬೆಟ್ಟದ ಮೇಲೆ ಗಂಡನನ್ನು ನಾನೇ ಕೊಂದೆನಲ್ಲ ದೇವರೇ ಎಂದು ಬಡಬಡಿಸುತ್ತಾ ಬಾಗಿಲತ್ತ ತೆವಳಿದಳು. ಸೀರೆ ಕಿತ್ತಳು. ಹೊರಗೆ ಹಿಮ ಪೇರಿಕೊಂಡು ಬಾಗಿಲು ಅಲ್ಲಾಡಲಿಲ್ಲ. ಭುಜ ಕೊಟ್ಟು ನೂಕಿದಳು, ಅಳುತ್ತಾ ಮತ್ತೆ ನೂಕಿದಳು. ಕೊನೆಗೆ ಅದು ಜರುಗಿ, ಮೈ ಕೊರೆಯುವ ಗಾಳಿ ನುಗ್ಗಿತು. ಗಂಡನ ತೋಳು ಹಿಡಿದು ಹೊಸ್ತಿಲವರೆಗೆ ದರದರ ಎಳೆದು, ಕೆನ್ನೆಗೆ ಪಟಪಟನೆ ಬಡಿದಳು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅವನು ಕೆಮ್ಮಿದ. ಕಣ್ಣು ಬಿಡದೆಯೇ ಗೊಣಗಿದ:

“ಬಾಗ್ಲು ಹಾಕೇ... ಚಳಿ.”

“ಹಾಕಲ್ಲ” ಎಂದಳು ಶೋಭಾರಾಣಿ. ಗೊಳೋ ಎಂದು ಅಳುತ್ತಾ, ತೆರೆದ ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ಕೂತಳು.