ಜುಂಜಮ್ಮ ಓದಿದ ಟಿಎಸ್‌ಎಚ್ ಚೀಟಿ

ಐ.ಡಿ.ಹಳ್ಳಿಯ ಜುಂಜಮ್ಮನಿಗೆ ಆ ವರ್ಷ ಕುರಿಗಳ ಹಿಂದೆ ನಡೆಯುವುದೇ ಕಷ್ಟವಾಯಿತು. ಮುಖ ಊದಿತ್ತು, ಕೂದಲು ಉದುರುತ್ತಿತ್ತು. ಮಧುಗಿರಿಯ ಡಾಕ್ಟರ್ ಶರಣ್ಯಾ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಹಾರ್ಮೋನು ಸಾಲದಾಗಿದೆಯೆಂದು ದಿನಕ್ಕೊಂದು ಐವತ್ತು ಮೈಕ್ರೋಗ್ರಾಮಿನ ಮಾತ್ರೆ ಬರೆದುಕೊಟ್ಟರು.

ಎರಡು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟಳು. ಪರೀಕ್ಷೆಯ ಚೀಟಿ ಕೈಗೆ ಬಂದ ದಿನ ಡಾಕ್ಟರು ರಜೆಯಲ್ಲಿದ್ದರು. ಊರಲ್ಲಿ ಮೈದುನ ಅಂಜಿನಮೂರ್ತಿ ಚೀಟಿ ಓದಿದ.

“ಟಿಎಸ್‌ಎಚ್ ಒಂಬತ್ತು ಐತೆ, ಪಕ್ಕದಾಗೆ ‘ಹೈ’ ಅಂತ ಬರ್ದವ್ರೆ. ನಾಕೂವರೆ ದಾಟಂಗಿಲ್ಲ. ಮಾತ್ರೆ ಜಾಸ್ತಿ ಆಗೈತೆ ಕಣತ್ತಿಗೆ, ಅರ್ಧ ಮಾಡ್ಬುಡು.”

ಕೇಳಲು ನ್ಯಾಯವಾಗಿಯೇ ಇತ್ತು. ಅಂದಿನಿಂದ ಮಾತ್ರೆ ಮುರಿದು ನುಂಗಿದಳು. ಒಂದೂವರೆ ತಿಂಗಳಿಗೆ ಹಟ್ಟಿಯಿಂದ ಬಾವಿಯವರೆಗೂ ನಡೆಯಲಾರದಾದಳು. ಗಂಡ ಕ್ಯಾತಪ್ಪ ಬಲವಂತವಾಗಿ ಬಸ್ಸು ಹತ್ತಿಸಿದ. ಈ ಸಲದ ರಕ್ತ ಪರೀಕ್ಷೆಯ ಚೀಟಿಯಲ್ಲಿ ಟಿಎಸ್‌ಎಚ್ ಇಪ್ಪತ್ತೆರಡು.

“ಅರ್ಧ ಮಾಡಿದ್ದು ಯಾಕೆ?” ಕ್ಯಾತಪ್ಪ ನಡೆದದ್ದನ್ನು ಹೇಳಿದ ಮೇಲೆ ಶರಣ್ಯಾ ಕೇಳಿದರು.

“ನಂಬರ್ ಜಾಸ್ತಿ ಇತ್ತಲ್ಲ ಅಂತ. ನಂಗೇ ತಿಳಿಯಂಗೆ ಹೇಳಿ ಮೇಡಂ. ಇನ್ನೊಬ್ರ ಕೈಲಿ ಓದಿಸ್ಕೊಂಡು ಸಾಕಾಯ್ತು.”

ಶರಣ್ಯಾ ಚೀಟಿಯನ್ನು ಅವಳತ್ತ ತಿರುಗಿಸಿದರು. “ಟಿಎಸ್‌ಎಚ್ ಮಾತ್ರೆಯ ಲೆಕ್ಕ ಅಲ್ಲ. ಮೆದುಳಿನ ಬುಡದಿಂದ ಥೈರಾಯ್ಡಿಗೆ ‘ಕೆಲಸ ಮಾಡು’ ಅಂತ ಹೋಗೋ ಕೂಗು. ಹಾರ್ಮೋನು ಕಮ್ಮಿ ಆದಷ್ಟೂ ಕೂಗು ಜೋರಾಗುತ್ತೆ.”

ಜುಂಜಮ್ಮ ಇಪ್ಪತ್ತೆರಡರ ಮೇಲೆ ಬೆರಳಿಟ್ಟಳು. “ಅಂಗಾದ್ರೆ ನಂಬರ್ ಏರಿದ್ರೆ ಮಾತ್ರೆ ಸಾಲ್ದು, ಇಳಿದೋದ್ರೆ ಜಾಸ್ತಿ. ತಿರುಗಾಮುರುಗಾ!”

“ಸರಿಯಾಗಿ ಹೇಳಿದ್ರಿ. ಮಾತ್ರೆ ಹೆಂಗೆ ತಗೊಳ್ತೀರಿ?”

“ಬೆಳಿಗ್ಗೆ ಕಾಫಿ ಜತೆ.”

“ಅದಕ್ಕೇ ಪೂರ್ತಿ ಮೈಗೆ ಹತ್ತಿಲ್ಲ. ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕಾಫಿ ಒಂದು ಗಂಟೆ ಆದ್ಮೇಲೆ.” ಡಾಕ್ಟರು ಎಪ್ಪತ್ತೈದರ ಮಾತ್ರೆ ಬರೆದು, ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದರು.

ಹದಿನೈದು ದಿನಕ್ಕೇ ಅಂಜಿನಮೂರ್ತಿ ಇನ್ನೊಂದು ಪರೀಕ್ಷೆಗೆ ಅವಸರಪಡಿಸಿದ. “ಆರು ವಾರ ಆಗ್ದೆ ನಂಬರ್ ನಿಲ್ಲಲ್ವಂತೆ ಕಣಪ್ಪ,” ಎಂದು ಜುಂಜಮ್ಮ ಜಗ್ಗಲಿಲ್ಲ. ಹಾಲು ಕಾಯುತ್ತಿದ್ದರೂ ಕಾಫಿಗೆ ಗಂಟೆ ಕಾದಳು.

ಮುಖದ ಊತ ಇಳಿಯಿತು, ಕಾಲಿಗೆ ಕಸುವು ಬಂತು. ಆದರೆ ಐದನೆಯ ವಾರ ಎದೆ ಡವಡವ ಅನ್ನತೊಡಗಿತು, ಕೈ ಸಣ್ಣಗೆ ನಡುಗುತ್ತಿತ್ತು. “ಮಾತ್ರೇನೇ ಬ್ಯಾಡ, ಬಿಸಾಕು,” ಎಂದು ಕ್ಯಾತಪ್ಪ ಹೆದರಿದ. ಅವಳು ಮಾತ್ರೆ ಬಿಸಾಡಲೂ ಇಲ್ಲ, ಮುರಿಯಲೂ ಇಲ್ಲ. ಆರು ವಾರಕ್ಕೆ ಕಾಯದೆ ಮರುದಿನವೇ ಮಧುಗಿರಿಗೆ ಹೋಗಿ ರಕ್ತ ಕೊಟ್ಟಳು.

ಚೀಟಿ ಸಿಕ್ಕಾಗ ಬೆಂಚಿನ ಮೇಲೆ ಕೂತು, ಬೆರಳಿಟ್ಟು ಸಾಲು ಹುಡುಕಿದಳು. ಸೊನ್ನೆ ಚುಕ್ಕಿ ಎರಡು. ಪಕ್ಕದ ಮಿತಿ ಸೊನ್ನೆ ಚುಕ್ಕಿ ನಾಲ್ಕರಿಂದ ಶುರುವಾಗಿತ್ತು. ಒಳಗೆ ಹೋದವಳೇ, ಡಾಕ್ಟರು ಕನ್ನಡಕ ಹಾಕಿಕೊಳ್ಳುವ ಮೊದಲೇ ಅಂದಳು:

“ಈ ಸತಿ ಮಾತ್ರೆ ಜಾಸ್ತಿ ಆಗೈತೆ ಮೇಡಂ. ನಾನಾಗೇ ಕಮ್ಮಿ ಮಾಡಿಲ್ಲ. ಎಷ್ಟು ಇಳಿಸ್ಬೇಕು, ನೀವೇ ಹೇಳಿ.”

“ಖಾಲಿ ಹೊಟ್ಟೆಗೆ ತಗೊಂಡಿದ್ದಕ್ಕೆ ಈಗ ಪೂರ್ತಿ ಮೈಗೆ ಹತ್ತುತ್ತಿದೆ,” ಎಂದು ಶರಣ್ಯಾ ಚೀಟಿ ನೋಡಿ ನಕ್ಕರು. ಒಂದು ದಿನ ಐವತ್ತು, ಒಂದು ದಿನ ಎಪ್ಪತ್ತೈದು ಎಂದು ಬರೆದರು. ಮತ್ತೆ ಆರು ವಾರ.

“ಆಗ್ಲಿ, ಬತ್ತೀನಿ,” ಎಂದು ಜುಂಜಮ್ಮ ಚೀಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು.