ಹಗೇವಿನ ಗುಟುಕು

ನಮ್ಮೂರಿಗೆ ನಳ ಬಂದ ವರ್ಷ ದಮಯಂತಿಯರೆಲ್ಲ ಕೊಡ ಹಿಡಿದು ಸ್ವಯಂವರಕ್ಕೆ ನಿಂತಂತೆ ಓಣಿಯ ತುದಿಯಲ್ಲಿ ಸಾಲಾಗಿ ನಿಂತಿದ್ದರು. ಗುಡಗೇರಿ ಸ್ಟೇಶನ್ನಿನಿಂದ ಚಕ್ಕಡಿಯಲ್ಲಿ ಬಂದ ಕಬ್ಬಿಣದ ಪೈಪುಗಳನ್ನು ಹೂಳಿ, ಕೆರೆ ದಂಡೆಯ ಬಾವಿಯಿಂದ ಟಾಕಿಗೆ ನೀರೇರಿಸಿ, ಓಣಿ ಓಣಿಗೆ ಬಿಟ್ಟಿದ್ದರು. ಮುಂದಿನ ಬೇಸಿಗೆ ಬರುವುದರೊಳಗೆ, ಹಳೆಯ ಕಥೆಯಲ್ಲಿ ಆದಂತೆಯೇ, ನಳ ಕೈಕೊಟ್ಟ. ಮೇಲಿನ ಓಣಿಯ ನಳ ತಿರುವಿದರೆ ಒಂದು ನಿಟ್ಟುಸಿರು ಬರುತ್ತಿತ್ತು, ನೀರು ಬರುತ್ತಿರಲಿಲ್ಲ.

ಬೇರೆ ಕಡೆ ಪೈಪು ಒಡೆದರೆ ನೀರು ಮೇಲೆ ಬಂದು ತಾನೇ ಚಾಡಿ ಹೇಳುತ್ತದೆ. ನಮ್ಮದು ಎರೆನೆಲ, ಕಪ್ಪು ಮಣ್ಣು. ಬೇಸಿಗೆಯಲ್ಲಿ ದನದ ಕಾಲು ಸಿಗುವಷ್ಟು ಅಗಲ ಬಿರಿಯುತ್ತದೆ. ಎಷ್ಟು ನೀರು ಕೊಟ್ಟರೂ ಒಳಗೊಳಗೇ ಇಳಿಸಿಕೊಂಡು, ಮೇಲೆ ಏನೂ ತಿಳಿಯದವರಂತೆ ಒಣ ಮುಖ ಮಾಡಿಕೊಂಡು ಕೂತಿರುತ್ತದೆ. ಓವರಸೀಯರರು ಹೇಳಿದ ನೇರಕ್ಕೆ ಜನ ಅಲ್ಲಿ ಇಲ್ಲಿ ಅಗೆದರು. ಸಿಕ್ಕಿದ್ದು ಧೂಳು.

ಪಂಪು ಮತ್ತು ವಾಲ್ವು ಇಮಾಮುದ್ದೀನನ ಕೈಯಲ್ಲಿದ್ದವು. ಬಿಡುವಿನಲ್ಲಿ ಅವನು ಸ್ಟೋವು, ಗ್ಯಾಸಬತ್ತಿ, ರೇಡಿಯೋ ರಿಪೇರಿ ಮಾಡುತ್ತಿದ್ದ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದು, ನೌಕರಿಯ ದಾರಿ ಕಾಯುತ್ತ ಅಪ್ಪನ ಹೊಲ ಕಾಯುತ್ತಿದ್ದೆ. ಊರಿನಲ್ಲಿ ನನ್ನ ಪದವಿಗಿಂತ ನನ್ನ ಗಂಟಲಿಗೆ ಹೆಚ್ಚು ಮರ್ಯಾದೆ. ತಲಾಟಿ, ಬಸ್ಸಿನ ಕಂಡಕ್ಟರ, ಈಯುವ ಎಮ್ಮೆ, ಎಮ್ಮೆ ಕಳಕೊಂಡವನು, ಯಾರ ದನಿ ಬೇಕೆಂದರೂ ತೆಗೆಯುತ್ತಿದ್ದೆ.

"ಒಡದಲ್ಲೆ ಸಪ್ಪಳ ಇದ್ದ ಇರತೈತ್ರಿ ಈರಬಸಪ್ಪಾರ," ಅಂದ ಇಮಾಮುದ್ದೀನ. "ಕೇಳಾಕ ಕಿವಿ ಬೇಕು, ಅಷ್ಟ."

"ನೆಲಕ್ಕ ಕಿವಿ ಹಚ್ಚಿದ್ರ ಮಣ್ಣ ಹತ್ತತೈತಿ, ಇಮಾಮಸಾಬ್ರ."

"ಅದಕ್ಕ ನೆಲಕ್ಕ ಒಂದ ಕಿವಿ ಮಾಡೂಣು."

ಎದೆಮಟ್ಟದ ತೆಳ್ಳನೆಯ ಕಬ್ಬಿಣದ ಸಲಾಕೆ ತಂದು ಕಮ್ಮಾರನಲ್ಲಿ ಒಂದು ತುದಿ ಚೂಪು ಮಾಡಿಸಿದೆವು. ಇನ್ನೊಂದು ತುದಿಗೆ ಬೆಲ್ಲದ ಡಬ್ಬಿ. ಮೊದಲು ಡಬ್ಬಿಯ ಬಾಯಿಗೆ ಬಾರಿಸುವ ಹಲಗಿಯ ಹರಿದ ಚರ್ಮ ಬಿಗಿದು ಅದಕ್ಕೆ ಸಲಾಕೆ ತಾಗಿಸಿ ನೋಡಿದೆವು. ಬಿಸಿಲಿಗೆ ಚರ್ಮ ಜೋತುಬಿದ್ದು, ನಮ್ಮ ಉಸಿರು ನಮಗೇ ಕೇಳಿಸಿತು. ಆಮೇಲೆ ಇಮಾಮುದ್ದೀನ ಅದನ್ನು ಕಿತ್ತು, ತೆಳುವಾದ ತಗಡಿನ ಮುಚ್ಚಳ ಕೂಡಿಸಿ, ಸಲಾಕೆಯನ್ನು ಅದರ ನಡುವಿಗೆ ಬೆಸುಗೆ ಹಾಕಿದ. ಡಬ್ಬಿಯ ಬೆನ್ನಿಗೆ ತೂತು, ತೂತಿಗೆ ರಬ್ಬರಿನ ನಳಿಕೆ, ನಳಿಕೆಯ ತುದಿಗೆ ಮುದುಕ ಕಂಪೌಂಡರ ಕೊಟ್ಟ ಹಳೆಯ ಸ್ಟೆಥಾಸ್ಕೋಪಿನ ಕಿವಿಗಳು. ಮುದುಕರಿಗೆ ಊರುಗೋಲು, ಊರಿಗೆ ಕಿವಿಗೋಲು ಎಂದು ನಾನು ಹೆಸರಿಟ್ಟೆ. ಇಮಾಮುದ್ದೀನ ನಗಲಿಲ್ಲ. ಸಲಾಕೆಯನ್ನು ನೆಲಕ್ಕೂರಿ ಕೇಳುತ್ತಿದ್ದ.

ಟಾಕಿಯ ಹತ್ತಿರ ಗೊತ್ತಿದ್ದ ಪೈಪಿನ ಮೇಲೆ ಊರಿ ಪಾಠ ಕಲಿತೆವು. ಸುಖವಾಗಿರುವ ಪೈಪು ದೂರದಲ್ಲಿ ಯಾರೋ ಅಕ್ಕಿ ಕೇರುತ್ತಿದ್ದಂತೆ ಸದ್ದು ಮಾಡುತ್ತದೆ. ಅರ್ಧ ಮುಚ್ಚಿದ ವಾಲ್ವು ಮೂಗು ಕಟ್ಟಿದ ಮಾಸ್ತರರಂತೆ. ಪೈಪಿಗೆ ಪೈಪು ಕೂಡುವ ಸಾಂದು ಸೋರಿದರೆ ಬೆಕ್ಕಿಗೆ ಸಿಟ್ಟು ಬಂದಂತೆ. ಅವನ್ನೆಲ್ಲ ಚಹಾದಂಗಡಿಯಲ್ಲಿ ಮಾಡಿ ತೋರಿಸಿ ಭೇಷ್ ಅನ್ನಿಸಿಕೊಂಡೆ.

ಕೇಳುವುದಕ್ಕೆ ನಾವು ಆರಿಸಿಕೊಂಡಿದ್ದು ನಡುಮಧ್ಯಾಹ್ನ. ರಾತ್ರಿ ನಾಯಿಗಳ ಕಾಟ, ಮೇಲೆ ಭಜನೆ. ಉರಿಬಿಸಿಲಿನ ಹೊತ್ತಿಗೆ ನಮ್ಮೂರು ಸತ್ತಂತೆ ಮಲಗುತ್ತದೆ. ಕಾಗೆ ಕೂಡ ಬಾಯಿ ತೆರೆದುಕೊಂಡು ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಓಣಿಯಲ್ಲಿ ನಡೆದರೆ ನಮ್ಮ ನೆರಳು ಸಹ ಕಾಲ ಕೆಳಗೆ ಅಡಗಿಕೊಳ್ಳುತ್ತಿತ್ತು.

ಟಾಕಿಯಿಂದ ಹೆಜ್ಜೆಹೆಜ್ಜೆಗೆ ಊರುತ್ತ ಬಂದೆವು. ಮಡಿವಾಳೆಪ್ಪ ಕಾಕಾನ ಮನೆಯ ಮುಂದೆ ಸಪ್ಪಳ ಕಳೆದುಹೋಯಿತು. ನೆಟ್ಟಗೆ ಇರಬೇಕಾದ ಪೈಪು ಅಲ್ಲಿ ಇರಲಿಲ್ಲ. ಹುಡುಕುತ್ತ ಹುಡುಕುತ್ತ ಅವನ ಮನೆಯ ಗೋಡೆಗೆ ಹತ್ತಿದೆವು. ಅಲ್ಲಿ ಇಮಾಮುದ್ದೀನ ಸಲಾಕೆ ಊರಿ ನಿಂತ. ನಿಂತೇ ಇದ್ದ. ಆಮೇಲೆ ನಳಿಕೆಯನ್ನು ಕಿವಿಯಿಂದ ತೆಗೆದು, ಅಂಗಿಯ ತುದಿಯಿಂದ ಒರೆಸಿ, ನನ್ನ ಕೈಗಿಟ್ಟ.

ಅದು ಬೆಕ್ಕಿನ ಸಿಟ್ಟಾಗಿರಲಿಲ್ಲ. ಗುಟುಕ್. ಗುಟುಕ್. ಗುಟುಕ್. ಆಮೇಲೆ ಉದ್ದಕ್ಕೆ, ತೃಪ್ತಿಯಿಂದ ಬಿಟ್ಟ ಒಂದು "ಹಾ." ಹೊಲದಿಂದ ಬಂದವನು ಚರಿಗೆ ಎತ್ತಿ ಹಿಡಿದು ಗಂಟಲಿಗೆ ನೀರು ಹೊಯ್ದುಕೊಳ್ಳುವ ಸದ್ದು. ಮತ್ತೆ ಗುಟುಕ್. ಸದ್ದು ಕಾಲ ಕೆಳಗಿನಿಂದಲ್ಲ, ಗೋಡೆಯ ಆಚೆ, ಮನೆಯ ಅಡಿಯಿಂದ ಬರುತ್ತಿತ್ತು.

"ಯಾರೋ ಕುಡ್ಯಾಕತ್ತಾರ್ರಿ," ಅಂದ ಇಮಾಮುದ್ದೀನ, ಮೆಲ್ಲಗೆ.

"ಏನ್ ಮಾಡಾಕತ್ತೀರಿ ಅಲ್ಲೆ?" ಮಡಿವಾಳೆಪ್ಪ ಕಾಕಾ ಬಾಗಿಲಲ್ಲಿ ನಿಂತಿದ್ದ. ಕಣ್ಣಲ್ಲಿ ನಿದ್ದೆ ಇರಲಿಲ್ಲ.

"ಸೋರೂದು ಸಿಕ್ತು ಕಾಕಾ," ಅಂದ ಇಮಾಮುದ್ದೀನ. "ನಿಮ್ಮ ಗ್ವಾಡಿ ಬುಡಕ ಐತಿ. ಅಗದು ನೋಡಬೇಕು."

"ಅಗ್ಯಾಂಗಿಲ್ಲ."

"ಮ್ಯಾಗಿನ ಓಣಿಗೆ ನೀರಿಲ್ಲ, ಕಾಕಾ."

"ಅವರು ಬಾವಿಗೆ ಹೋಗ್ಲಿ. ನನ್ನ ಗ್ವಾಡಿಗೆ ಸಲಿಕಿ ಮುಟ್ಟಿಸಿದ್ರ ನೆಟ್ಟಗಾಗೂದಿಲ್ಲ ನೋಡು."

"ಪೈಪ ಮೊದಲ ನೆಟ್ಟಗಿಲ್ಲಲ್ಲ ಕಾಕಾ," ಎಂದು ನಾನು ಬಾಯಿ ಹಾಕಿದೆ. ಅವನ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ರೇವವ್ವ ಆಯಿ ಕರೆದಳು: "ಬಿಸಲಾಗ ಯಾಕ ನಿಂದ್ರಸೀದಿ ಮಡಿವಾಳಾ, ಒಳಗ ಬರ್ಲಿ."

ಪಡಸಾಲೆಯಲ್ಲಿ ಕೂತು ಆಯಿ ಜೋಳ ಹಸನು ಮಾಡುತ್ತಿದ್ದಳು. ಒಳಕೋಣೆಯ ಬಾಗಿಲಿಗೆ ಪರದೆ. ಬಾಣಂತಿಯನ್ನು ಕಾಯಿಸುವ ಕೆಂಡದ ವಾಸನೆ, ಬಜೆಯ ವಾಸನೆ. ಕಾಕಾನ ಮಗಳು ಶಾರದವ್ವ ಮೊನ್ನೆಯಷ್ಟೇ ತವರಿನಲ್ಲಿ ಹಡೆದು ಮಲಗಿದ್ದಳು.

"ಕೇಳಿದೇನು?" ಅಂದಳು ಆಯಿ. "ನಾವು ಬಾಳ ದಿನದಿಂದ ಕೇಳಾಕತ್ತೀವಿ. ನಿಮ್ಮಜ್ಜ ನೀರ ಕುಡ್ಯಾಕತ್ತಾನ."

ಆಗ ಊರಿನಲ್ಲಿ ಯಾರೂ ಗಟ್ಟಿಯಾಗಿ ಹೇಳದ ಸಂಗತಿ ನನಗೆ ಗೊತ್ತಾಯಿತು. ಆ ಮನೆಯ ಕೆಳಗೊಂದು ಹಗೇವು ಇತ್ತು. ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಒಬ್ಬನೇ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಡುತ್ತಾರೆ. ತೆರೆದಾಗ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು, ಒಳಗಿನ ಗಾಳಿ ಕೊಲ್ಲುತ್ತದೆ. ಆಯಿಯ ಗಂಡ ಹೊಳೆಪ್ಪಜ್ಜ ಯಾವುದೋ ಅವಸರದಲ್ಲಿ ದೀಪ ಬಿಡದೆ ಇಳಿದಿದ್ದ. ಒಳಗಿನಿಂದ ಒಮ್ಮೆ ನೀರು ಕೇಳಿದನಂತೆ. ಚರಿಗೆ ತುಂಬಿ ಹಗ್ಗದಲ್ಲಿ ಇಳಿಬಿಟ್ಟರು. ಚರಿಗೆ ತುಂಬಿದ ಹಾಗೆಯೇ ಮೇಲೆ ಬಂತು. ಹೆಸರಲ್ಲೇ ಹೊಳೆ ಇದ್ದವನು ಗಂಟಲು ಒಣಗಿ ಹೋದ.

ಹೆಣ ಎತ್ತಿ ಮಣ್ಣು ಕೊಟ್ಟ ಮೇಲೆ ಹಗೇವಿಗೆ ಕಾಳು ಹಾಕಲಿಲ್ಲ. ಬಾಯಿ ಓಣಿಯ ಮಣ್ಣಿನಲ್ಲಿ ಮುಚ್ಚಿಹೋಯಿತು. ಹೊಟ್ಟೆ ಒಳಕೋಣೆಯ ಕೆಳಗೆ ಉಳಿಯಿತು. ಅಮಾವಾಸ್ಯೆಗೊಮ್ಮೆ ಆಯಿ ಕೋಣೆಯ ಮೂಲೆಯಲ್ಲಿ ಒಂದು ಚರಿಗೆ ನೀರು ಹೊಯ್ಯುತ್ತಿದ್ದಳು. ಪೈಪಿನವರು ಬಂದಾಗ ಕಾಕಾ ಹಗೇವಿನ ಮಾತೆತ್ತದೆ, ಅದರ ಬಾಯಿಗೆ ಸಲಿಕೆ ತಾಗದಿರಲೆಂದು, ಕೆಲಸಗಾರರಿಗೆ ಊಟ ಹಾಕಿಸಿ ಪೈಪನ್ನು ಗೋಡೆಯ ಕಡೆ ಹೊರಳಿಸಿದ್ದ. ಹೊರಳಿದಲ್ಲಿ ಸಾಂದು, ಸಾಂದಿನಲ್ಲಿ ಸೋರಿಕೆ, ಸೋರಿಕೆಯ ದಾರಿ ಹಗೇವಿನ ಹೊಟ್ಟೆಗೆ.

"ಇಷ್ಟ ವರ್ಷ ನಾ ಒಂದೊಂದ ಚರಿಗಿ ಹಾಕಿದೆ," ಅಂದಳು ಆಯಿ. "ಈಗ ಅವಗ ಸಾಕಷ್ಟು ಸಿಕ್ಕೈತಿ. ಕುಡೀಲಿ ಬಿಡೋ ತಮ್ಮಾ."

ಪರದೆಯ ಆಚೆಯಿಂದ ಶಾರದವ್ವ ಅಂದಳು, "ಕೂಸು ಅದನ್ನ ಕೇಳಕೋಂತನ ಮಲಗತೈತಣ್ಣಾ. ಸಪ್ಪಳ ನಿಂತ್ರ ಅಳತೈತಿ."

ಅಜ್ಜನಿಗಿಂತ ಎರೆಮಣ್ಣು ನನ್ನನ್ನು ಹೆಚ್ಚು ಹೆದರಿಸಿತು. ನೀರು ಕುಡಿದ ಎರೆ ಅಂಬಲಿಯಾಗುತ್ತದೆ. ತಾಯಿ, ಕೂಸು, ಕೆಂಡದ ಒಲೆ, ಮಲಗುವ ಹೊರಸು, ಎಲ್ಲ ಆ ಅಂಬಲಿಯ ಮೇಲೆ ನಿಂತಿದ್ದವು.

"ಕಾಕಾ, ಹಗೇವಿನ ಗ್ವಾಡಿ ಕರಗಾಕತ್ತೈತಿ. ಕ್ವಾಣಿ ಕುಂದರತೈತಿ. ಇವತ್ತ ಶಾರದಾನ್ನ ನಮ್ಮ ಮನಿಗೆ ಕಳಸ್ರಿ."

"ಐದನೇ ದಿನದ ಶೆಟಿಗೆವ್ವನ ಪೂಜಾ ಆಗಿಲ್ಲ. ಕೂಸಿನ ಹಣಿ ಮ್ಯಾಲ ಆಕಿ ಬರಿಯೂಮಟ ಬಾಣಂತಿ ಹೊಸ್ತಿಲಾ ದಾಟಂಗಿಲ್ಲ," ಅಂದ ಕಾಕಾ. "ಮತ್ತ ನಮ್ಮಪ್ಪ ತನ್ನ ಮಮ್ಮಗಳನ್ನ ತಾನ ಬೀಳಸ್ತಾನೇನು? ನಿನ್ನ ಬಿ.ಎಸ್ಸಿ.ಯೊಳಗ ಹಂಗೈತೇನು?"

ಆಯಿ ಜೋಳದಲ್ಲಿನ ಹರಳು ಆರಿಸುತ್ತಿದ್ದಳು.

ಹೊರಗೆ ಬಂದು ಇಮಾಮುದ್ದೀನ ವಾಲ್ವು ಮುಚ್ಚಿದ. ಆದರೆ ಹಳೆಯ ವಾಲ್ವು ಪೂರ್ತಿ ಕೂಡುತ್ತಿರಲಿಲ್ಲ, ನೀರು ಜಿನುಗುತ್ತಲೇ ಇತ್ತು. ಟಾಕಿಯನ್ನೇ ಬರಿದು ಮಾಡಿದರೆ ಊರೆಲ್ಲ ಬಾಯಾರಬೇಕು. ಆ ಸಂಜೆ ಪಂಚರ ಹತ್ತಿರ ಹೋದೆ. ಬಾಣಂತಿ ಕೋಣೆಯ ವಿಷಯದಲ್ಲಿ ಗಂಡಸರು ಬಾಯಿ ಹಾಕಬಾರದೆಂದರು. ಹೆಂಗಸರ ಹತ್ತಿರ ಹೋದೆ. ಹೊಳೆಪ್ಪಜ್ಜನ ವಿಷಯದಲ್ಲಿ ಹೆಂಗಸರು ಬಾಯಿ ಹಾಕಬಾರದೆಂದರು.

ಕೊನೆಗೆ ಉಳಿದದ್ದು ನನ್ನ ಬಾಯಿ. ಕಾಕಾನ ಗೋಡೆಯ ಬುಡದಲ್ಲಿ ನೆಲ ಬಿರಿದಿತ್ತು. ಆ ಬಿರುಕಿಗೆ ಮುಖ ಇಟ್ಟರೆ ಒಳಗಿನಿಂದ ತಣ್ಣನೆಯ, ಹಳೆ ಜೋಳದ ಗಾಳಿ ಬರುತ್ತಿತ್ತು. ಗಾಳಿ ಬರುವ ದಾರಿಯಲ್ಲಿ ದನಿ ಹೋಗುತ್ತದೆ. ಅಜ್ಜನ ದನಿ ನಾನು ಕೇಳಿದವನಲ್ಲ, ನಾನು ಹುಟ್ಟುವ ಮೊದಲೇ ಅವನು ಹೋಗಿದ್ದ. ಆದರೆ ಮಗನ ಗಂಟಲು ಗೊತ್ತಿತ್ತು. ಕಾಕಾನ ದನಿಗೆ ಇನ್ನಷ್ಟು ವಯಸ್ಸು, ಇನ್ನಷ್ಟು ಒಣಕಲು ಹಾಕಿದರಾಯಿತು. ಹೇಳಬೇಕಾದ್ದು ಒಂದೇ ಮಾತು: "ಸಾಕು." ಕುಡಿದದ್ದು ಸಾಕು, ಇಲ್ಲಿ ಮಲಗಿದ್ದು ಸಾಕು. ಹೊಲದ ಬದುವಿನಲ್ಲಿ ಒಬ್ಬನೇ ನಿಂತು ಮನಸ್ಸಿನಲ್ಲೇ ಅದನ್ನು ತಿದ್ದಿ ತೀಡಿದೆ. ಬಾಯಿಬಿಟ್ಟು ಅನ್ನಲಿಲ್ಲ. ಯಾವ ಮಾತೆಂದು ಯಾರಿಗೂ ಹೇಳಲಿಲ್ಲ. ಇಮಾಮುದ್ದೀನನಿಗೆ ಕೂಡ "ಅಜ್ಜನ ದನಿ ತಗೀತೀನಿ, ಒಳಗ ಮುಟ್ಟತೈತೋ ಇಲ್ಲೋ ಕೇಳ್ರಿ" ಎಂದಷ್ಟೇ ಹೇಳಿದೆ.

"ಸತ್ತವರ ದನಿ ತಗ್ಯೂದು ಚಲೋ ಅಲ್ರಿ," ಅಂದ ಅವನು. ಆದರೂ ಬಂದ.

ಮರುದಿನ ಅದೇ ಬಿಸಿಲು. ಓಣಿಯಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ನಾನು ಎಣ್ಣೆ ಹೊಯ್ಯುವ ಲಾಳಿಕೆಯನ್ನು ಬಿರುಕಿಗೆ ಸಿಕ್ಕಿಸಿ ಹೊಟ್ಟೆಯ ಮೇಲೆ ಮಲಗಿದೆ. ಇಮಾಮುದ್ದೀನ ಬಾಜು ಕಿವಿಗೋಲು ಊರಿ ಕೂತ. ನೆಲ ಕಾದ ಹಂಚಿನಂತಿತ್ತು. ಲಾಳಿಕೆಯಿಂದ ಮಾತ್ರ ತಂಪು ಗಾಳಿ ನನ್ನ ತುಟಿಗೆ ತಾಗುತ್ತಿತ್ತು, ಯಾರೋ ಮುಖಕ್ಕೆ ಮುಖ ತಂದು ಉಸಿರಾಡಿದಂತೆ.

ಉಸಿರು ತೆಗೆದುಕೊಂಡೆ. ಇಮಾಮುದ್ದೀನ ತಟ್ಟನೆ ನನ್ನ ಮಣಿಕಟ್ಟು ಹಿಡಿದ.

"ನಿಂತ್ರಿ," ಪಿಸುಗುಟ್ಟಿದ. "ಕುಡ್ಯೂದು ನಿಂತು."

ಲಾಳಿಕೆಯ ಗಾಳಿಯೂ ನಿಂತಿತ್ತು. ಒಳಗೆ ಕೂಸು ಅಳಲು ಶುರುಮಾಡಿತು. ಇಮಾಮುದ್ದೀನ ಒಮ್ಮೆ ಬೆಚ್ಚಿ, ನನ್ನ ಕಡೆ ನೋಡಿ, ತಲೆ ಆಡಿಸಿದ. ಮುಟ್ಟಿತು ಎನ್ನುವ ಹಾಗೆ.

ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಮನೆಯೊಳಗೆ ಹೊರಸು ಸರಿದ ಸದ್ದು. ಕಾಕಾ ಏನೋ ಕೂಗಿದ. ಮರುಗಳಿಗೆಯಲ್ಲಿ ಆಯಿ ಕೂಸನ್ನು ಎದೆಗವಚಿಕೊಂಡು ಹೊಸ್ತಿಲು ದಾಟಿ ಬಿಸಿಲಿಗೆ ಬಂದಳು. ಹಿಂದೆ ಕಂಬಳಿ ಹೊದ್ದ ಶಾರದವ್ವ, ಗೋಡೆ ಹಿಡಿದುಕೊಂಡು. ಅವಳ ಹಿಂದೆ ಕಾಕಾ, "ಯವ್ವಾ, ಶೆಟಿಗೆವ್ವ, ಯವ್ವಾ" ಎನ್ನುತ್ತ.

"ಆಕಿ ಎಲ್ಲೆ ಇದ್ರೂ ಬರದಾಳು," ಅಂದಳು ಆಯಿ. "ನಿಮ್ಮಪ್ಪ ಸಾಕು ಅಂದ. ನಿನಗ ಕೇಳ್ಲಿಲ್ಲೇನು?"

ಕಾಕಾ ಉತ್ತರ ಕೊಡುವ ಮೊದಲು ಮನೆ ಕೊಟ್ಟಿತು. ದೊಡ್ಡ ಸದ್ದೇನೂ ಅಲ್ಲ. ತುಂಬಿದ ಚೀಲ ನೆಲಕ್ಕಿಟ್ಟಂತೆ ಒಂದು "ಧೊಪ್." ಬಾಗಿಲಿನಿಂದ ಧೂಳು ಬಂತು, ಧೂಳಿನ ಹಿಂದೆ ಕೆಂಡ ನೀರಿಗೆ ಬಿದ್ದ "ಚುಂಯ್." ಒಳಕೋಣೆಯ ನೆಲ ಇದ್ದಲ್ಲಿ ಕಪ್ಪು ನೀರು ನಿಂತಿತ್ತು, ಅಂಚಿನವರೆಗೆ. ಹೊರಸಿನ ಒಂದು ಕಾಲು ಮೇಲೆ ಕಾಣುತ್ತಿತ್ತು, ಅದೂ ಮೆಲ್ಲಗೆ ಇಳಿಯಿತು.

ಆಮೇಲೆ ನಾನು ಎಲ್ಲರಿಗೂ ವಿವರಿಸಿದೆ. ಕಿರಿದಾದ ಬಾಯಿಯ ಗಡಿಗೆ ತುಂಬುವಾಗ ಗುಟುಕು ಗುಟುಕು ಅನ್ನುತ್ತದೆ, ತುಂಬಿದ ಮೇಲೆ ನಿಲ್ಲುತ್ತದೆ. ಹಗೇವು ತುಂಬಿತ್ತು, ಸದ್ದು ನಿಂತಿತ್ತು, ಹಗಲೂ ರಾತ್ರಿ ಅದನ್ನೇ ಕೇಳಿದ್ದ ಮುದುಕಿಗೆ ಎದೆ ಧಸಕ್ಕೆಂದಿತು. ಎಲ್ಲರೂ ಹೌದ್ರಿ ಅಂದರು. ಇಮಾಮುದ್ದೀನ ಮಾತ್ರ ಕಿವಿಗೋಲನ್ನು ಬಟ್ಟೆಯಲ್ಲಿ ಸುತ್ತುತ್ತ ಕೇಳಿದ, "ಆ ಮಾತು ನೀವ ಅಂದ್ರಿ, ಹೌದಲ್ರಿ? ನನಗ ಸ್ವಚ್ಛ ಕೇಳಿಸ್ತು."

ನಾನು ಲಾಳಿಕೆಯ ಮಣ್ಣು ಕೊಡವಿದೆ.

ಪೈಪು ನೆಟ್ಟಗಾಯಿತು. ಮೇಲಿನ ಓಣಿಗೆ ನೀರೇರಿತು. ಕಾಕಾ ತಾನೇ ನಿಂತು ಹಗೇವಿಗೆ ಗರಸುಮಣ್ಣು ತುಂಬಿಸಿದ. ಒಳಕೋಣೆ ಎದ್ದು, ಕೂಸು ತೆವಳುವ ಹೊತ್ತಿಗೆ ಒಂದು ದಿನ ಆಯಿ ನನ್ನನ್ನು ಕರೆಸಿದಳು. ಅಂದು ಅಮಾವಾಸ್ಯೆ. ಚರಿಗೆ ತುಂಬಿ ಬಾಜು ಇಟ್ಟುಕೊಂಡಿದ್ದಳು.

"ನೀ ಎಲ್ಲಾರ ದನಿ ತಗೀತಿ ಅಂತ. ಅವತ್ತ ಗ್ವಾಡಿ ಬುಡಕ ಮಲಗಿದ್ದಿ ಅಂತ. ನೀ ಅಂದೇನೋ?"

"ಇಲ್ಲ ಆಯಿ. ಅನ್ನಾಕ ಬಂದಿದ್ದೆ. ಅನ್ನಲಿಲ್ಲ."

"ಹಂಗಾರ ಈಗ ಅನ್ನು."

ಇದಕ್ಕೆ ಉತ್ತರ ಸಿಗದೆ ಅವಳಿಗೆ ಸಮಾಧಾನವಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಬದುವಿನಲ್ಲಿ ಮನಸ್ಸಿನಲ್ಲೇ ತಿದ್ದಿದ್ದ ದನಿಯನ್ನು, ಕಾಕಾನ ಗಂಟಲಿಗೆ ವಯಸ್ಸು ಕೂಡಿಸಿದ ದನಿಯನ್ನು, ಮೊದಲ ಸಲ ಹೊರಗೆ ತೆಗೆದೆ. "ಸಾಕು."

ಆಯಿ ಕಣ್ಣು ಮುಚ್ಚಿ ಕೇಳಿದಳು.

"ಅಲ್ಲ," ಅಂದಳು. "ಅವ ಇಷ್ಟ ಗಟ್ಟಿ ಮಾತಾಡ್ತಿದ್ದಿಲ್ಲ."

ಅವಳ ಮುಖ ಸಡಿಲಾಯಿತು. ಚರಿಗೆ ಎತ್ತಿದಳು. ಮೂಲೆಯ ಕಡೆ ಹೋಗುತ್ತಾಳೆಂದುಕೊಂಡೆ. ಆಯಿ ಅದನ್ನು ಎತ್ತಿ ಹಿಡಿದು, ತುಟಿಗೆ ತಾಗಿಸದೆ, ತಾನೇ ಕುಡಿದಳು. ಗುಟುಕ್. ಗುಟುಕ್. ಗುಟುಕ್. ಕೊನೆಗೆ ಉದ್ದಕ್ಕೆ ಒಂದು "ಹಾ."

ಹೊಸ್ತಿಲ ಹತ್ತಿರ ರಂಪ ಮಾಡುತ್ತಿದ್ದ ಕೂಸು ಅದನ್ನು ಕೇಳಿ ಸುಮ್ಮನಾಗಿ, ನೆಲದ ಕಡೆ ತಿರುಗಿ ನಕ್ಕಿತು.