ಜಟಗನ ಅಧ್ಯಕ್ಷತೆಯಲ್ಲಿ ಸೈಕಲ್ ಪಂದ್ಯ

ನಮ್ಮ ಅಪ್ಪಯ್ಯನಿಗೆ ಅಧ್ಯಕ್ಷನಾಗುವುದೆಂದರೆ ಪ್ರಾಣ, ಜವಾಬ್ದಾರಿಯೆಂದರೆ ಪ್ರಾಣಸಂಕಟ. ಐವತ್ತು ದಾಟಿದ ಮೇಲೂ ಮಾವಳ್ಳಿಯ ಯುವಕ ಸಂಘಕ್ಕೆ ಆತನೇ ಅಧ್ಯಕ್ಷ. ಜೊತೆಗೆ ಹೆದ್ದಾರಿ ಬದಿಯ ಜಟಗನ ಕಟ್ಟೆಗೆ ಮೊಕ್ತೇಸರ. ಜಟಗ ಕೋಳಿ ತಿನ್ನುವ ದೇವರು. ಕೋಳಿಯ ಪುಕ್ಕ ತಾಗಿದರೂ ಮೀಯುವ ನಮ್ಮ ಅಪ್ಪಯ್ಯ ಮಹಾಬಲ ಹೆಗಡೆ ಅವನ ಮೊಕ್ತೇಸರನಾದದ್ದು ಭಕ್ತಿಯಿಂದೇನಲ್ಲ. ಕಟ್ಟೆಯ ಹಿಂದೆ ಒಳ್ಳೆಯ ಫಲದ ತೆಂಗಿನ ಮರಗಳಿದ್ದವು.

ಆ ಮರಗಳು ತನ್ನವೆಂದು ಪಕ್ಕದವನು ತಕರಾರು ತೆಗೆದಾಗ ಅಪ್ಪಯ್ಯ ಜಟಗನ ಹೆಸರಿನಲ್ಲೇ ದಾವೆ ಹಾಕಿದ್ದ. "ಕಾನೂನಿನ ಕಣ್ಣಿಗೆ ದೇವರೆಂದರೆ ವಯಸ್ಸಿಗೆ ಬಾರದ ಮಗು. ನಾನು ಆ ಮಗುವಿನ ಪಾಲಕ" ಎಂದು ಹೊನ್ನಾವರದ ಕೋರ್ಟಿನಲ್ಲಿ ಗದ್ಗದನಾಗಿ ಹೇಳಿ ಗೆದ್ದು ಬಂದಿದ್ದ. ಈ ಯುಕ್ತಿ ಹೇಳಿಕೊಟ್ಟವನು ಕುಮಟೆಯಲ್ಲಿ ವಕೀಲಿ ಮಾಡುತ್ತಿದ್ದ ನನ್ನ ಸೋದರಮಾವ ತ್ರ್ಯಂಬಕ. ಅಂದಿನಿಂದ ಮಗುವಿನ ಕಾಯಿಗಳು ಪಾಲಕನ ಅಟ್ಟ ಸೇರುತ್ತಿದ್ದವು.

ಅರವತ್ತೆರಡರ ಮಾರ್ಚಿನಲ್ಲಿ ಸಂಘದವರಿಗೆ ಸೈಕಲ್ ಪಂದ್ಯದ ಹುಚ್ಚು ಹಿಡಿಯಿತು. ಭಟ್ಕಳದಿಂದ ಹೊರಟು ಶರಾವತಿಯ ಈಚೆ ದಡ, ಹೊನ್ನಾವರಕ್ಕೆ ದೋಣಿ ಹತ್ತುವಲ್ಲಿಗೆ ಮುಟ್ಟಬೇಕು. ರಸ್ತೆಯೇನು ಇವರಿಗೆಂದು ಖಾಲಿಯಾಗುವುದಿಲ್ಲ. ಬಸ್ಸು, ಎತ್ತಿನ ಗಾಡಿ, ದನ, ಮದುವೆಯ ದಿಬ್ಬಣ ಎಲ್ಲ ಅದರ ಮೇಲೇ. ಪರವಾನಗಿ ಕೇಳಲು ಹೋದಾಗ ಭಟ್ಕಳದ ಪೋಲೀಸ್ ಫೌಜದಾರರು ಒಂದೇ ಪ್ರಶ್ನೆ ಹಾಕಿದರು: "ಹೆಚ್ಚುಕಮ್ಮಿ ಆದ್ರೆ ಜವಾಬ್ದಾರಿ ಯಾರದು ಹೆಗಡೇರೆ?" ಅಪ್ಪಯ್ಯ "ಕೇಳಿ ಹೇಳ್ತೇನೆ" ಎಂದು ಬಂದವನು ಆ ದಿನ ನೆಟ್ಟಗೆ ಉಣ್ಣಲಿಲ್ಲ.

ನಾನು ಕುಮಟೆಯಲ್ಲಿ ಮಾವನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದವಳು, ಬೇಸಿಗೆ ರಜೆಗೆ ಬಂದಿದ್ದೆ. ಮರುದಿನ ಬೆಳಿಗ್ಗೆ ಅಪ್ಪಯ್ಯ ದೋಸೆ ತಿನ್ನುತ್ತಾ ಒಮ್ಮೆಲೇ ಅರಳಿದ.

"ಸಿಕ್ತು ವನಮಾಲಿ! ಅಧ್ಯಕ್ಷತೆ ಜಟಗಂಗೆ ವಹಿಸಿಬಿಡ್ತೆ. ಎಲ್ಲಾ ಅವನ ಜವಾಬ್ದಾರಿ."

"ನಾಳೆ ಜಟಗಂಗೆ ಜೈಲಾದ್ರೆ?" ಎಂದೆ.

"ಅವನ್ನ ಹಿಡಿಯಲೆ ಯಾವ ಪೋಲೀಸಂಗೂ ಧೈರ್ಯ ಇಲ್ಲೆ. ಅದಕ್ಕೇ ಅವ ಅಧ್ಯಕ್ಷ ಆಗಕ್ಕಾದ್ದು."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಸಂಘದಲ್ಲಿ ಒಬ್ಬನೂ ಎದುರು ಹೇಳಲಿಲ್ಲ.

ಪಂದ್ಯದ ಹಿಂದಿನ ದಿನ ಕಟ್ಟೆಯ ಎದುರು ಊರೇ ಸೇರಿತು. ನಮ್ಮ ಕಡೆ ದೇವರ ಮಾತು ಕೇಳುವುದಕ್ಕೆ ಒಂದು ಕ್ರಮವಿದೆ. ಪೂಜಾರಿ ಅಡಿಕೆಯ ಹೂಗೊನೆಯ, ಅಂದರೆ ಸಿಂಗಾರದ, ಎಸಳುಗಳನ್ನು ಒದ್ದೆ ಮಾಡಿ ದೇವರ ಕಲ್ಲಿನ ಎಡಬಲಕ್ಕೆ ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಅದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಯಾವ ಎಸಳು ಯಾವಾಗ ಬೀಳುತ್ತದೆಂಬುದು ದೇವರಿಗೆ ಗೊತ್ತು. ಎಷ್ಟು ನೀರು ಹಚ್ಚಿದೆನೆಂಬುದು ಪೂಜಾರಿ ತಿಮ್ಮನಿಗೆ ಗೊತ್ತು. ಬಲದ ಎಸಳು ಬಿತ್ತು. ಜಟಗ ಅಧ್ಯಕ್ಷತೆ ಒಪ್ಪಿಕೊಂಡ. ಸ್ಪರ್ಧಿಗಳೆಲ್ಲ ಕಲ್ಲು ಮುಟ್ಟಿ, ಏನಾದರೂ ಜಟಗನ ಹೊಣೆ ಎಂದು ಆಣೆ ಮಾಡಿದರು.

ಜವಾಬ್ದಾರಿ ಕಳಚಿಕೊಂಡ ಅಪ್ಪಯ್ಯನಿಗೆ ಆಮೇಲೆ ಮೈಮೇಲೆ ಬಂದಂತಾಯಿತು. ಬೊಂಬಾಯಿಯ ಮೈದಾನದ ಪಂದ್ಯಗಳಲ್ಲಿ ಸೈಕಲ್ಲಿಗೆ ಬ್ರೇಕೇ ಇರುವುದಿಲ್ಲವೆಂದು ಆತ ಎಲ್ಲೋ ಓದಿದ್ದ. ಮೈದಾನದಲ್ಲಿ ಬಸ್ಸೂ ಬರುವುದಿಲ್ಲ ಎಂಬುದನ್ನು ಓದಿರಲಿಲ್ಲ. "ಬ್ರೇಕು ಇದ್ರೆ ಹಿಡಿಯುವ ಮನಸ್ಸಾಗ್ತದೆ. ತೆಗೀರಿ" ಎಂದು ಅಪ್ಪಣೆ ಕೊಟ್ಟ. ಸೈಕಲ್ ಅಂಗಡಿಯ ದಾಸ ಪಾನಾ ಹಿಡಿದು ಬ್ರೇಕು ಬಿಚ್ಚಿದ, ಮಡ್ಗಾರ್ಡು ಬಿಚ್ಚಿದ, ಭಾರವೆಂದು ಗಂಟೆಯನ್ನೂ ಬಿಚ್ಚಿದ.

ಸುರಕ್ಷತೆಯ ಏರ್ಪಾಡೆಂದರೆ ಒಂದು ಕೆಂಪು ಬಾವುಟ. ಕಟ್ಟೆಯ ಹತ್ತಿರದ ಇಳಿಜಾರಿನ ತಿರುವಿನಲ್ಲಿ ಅದನ್ನು ಹಿಡಿದು ನಿಲ್ಲಬೇಕಾದವನು ಅದೇ ದಾಸ. ಪಂದ್ಯದ ದಿನ ಅವನು ಬಾವುಟವನ್ನು ಬೇಲಿಗೆ ಸಿಕ್ಕಿಸಿ ಚಾ ಕುಡಿಯಲು ಹೋದ. ಅಧ್ಯಕ್ಷರು ಅಲ್ಲೇ ಕಟ್ಟೆಯ ಮೇಲಿದ್ದಾರಲ್ಲ, ನೋಡಿಕೊಳ್ಳುತ್ತಾರೆ ಎಂಬ ಧೈರ್ಯ ಅವನಿಗೆ.

ನಾನು ಕಟ್ಟೆಯ ಪಕ್ಕ ನಿಂತಿದ್ದೆ. ಮೊದಲು ಕಂಡವನು ನಮ್ಮೂರಿನ ವೆಂಕ್ಟ್ರಮಣ. ಹ್ಯಾಂಡಲಿಗೆ ಮೂಗು ತಾಗುವಷ್ಟು ಬಗ್ಗಿ ಇಳಿಜಾರಿನಲ್ಲಿ ಬರುತ್ತಿದ್ದ. ಎದುರಿನಿಂದ ಬಸ್ಸು ಬಂತು. ಬಸ್ಸಿನ ಈಚೆ, ರಸ್ತೆಯ ಅಂಚಿನಲ್ಲಿ, ತಲೆಯ ಮೇಲೆ ಬಂಗಡೆ ಮೀನಿನ ಬುಟ್ಟಿ ಹೊತ್ತು, ನಮ್ಮ ಕಡೆ ಮೀನು ಮಾರುವ ಸುಬ್ಬಿ. ವೆಂಕ್ಟ್ರಮಣನ ಬೆರಳುಗಳು ಇಲ್ಲದ ಬ್ರೇಕನ್ನು ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆ. ಬಾರಿಸಲು ಗಂಟೆ ಇಲ್ಲ, ಕೂಗಲು ಉಸಿರಿಲ್ಲ. ಬಸ್ಸಿಗೆ ಬಡಿಯುವುದು ತಪ್ಪಿಸಲು ಹೋಗಿ ಸುಬ್ಬಿಗೆ ಬಡಿದ.

ಸುಬ್ಬಿಯ ಕಾಲು ಮುರಿಯಿತು. ವೆಂಕ್ಟ್ರಮಣನ ಕೈ ಮುರಿಯಿತು. ಬಂಗಡೆ ರಸ್ತೆಯ ತುಂಬ ಚೆಲ್ಲಿ, ಆ ದಿನದ ಪಂದ್ಯದಲ್ಲಿ ನಿಜವಾಗಿ ಗೆದ್ದವು ಕಾಗೆಗಳು. ಮುರಿದ ಕೈಯಲ್ಲೇ ವೆಂಕ್ಟ್ರಮಣ ಅವಳನ್ನು ಬದಿಗೆ ಎಳೆದು ಕೂರಿಸಿ, ತನ್ನ ರುಮಾಲು ಬಿಚ್ಚಿ ಕಾಲಿಗೆ ಕಟ್ಟಿದ. ಅಷ್ಟರಲ್ಲಿ ಉಳಿದವರೆಲ್ಲ ದಾಟಿ ಹೋದರು. ಆಮೇಲೆ ಅಪ್ಪಯ್ಯ ಅವನಿಗೇ ಬೈದ: "ನೀನು ನಿಂತದ್ದಕ್ಕೇ ಅಪಘಾತ ಅಂತ ಎಲ್ಲರಿಗೂ ಗೊತ್ತಾದ್ದು!" ಇಂಥ ಮಾತಿಗೆ ಮಗಳಾದವಳು ಎಂತ ಹೇಳಬೇಕು?

ಹೊನ್ನಾವರದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಸುಬ್ಬಿಗೆ ಕಾಲಿಗಿಂತ ಕೇರಿಯ ಚಿಂತೆ. ಮೀನು ಮಾರುವವರಲ್ಲಿ ಒಬ್ಬೊಬ್ಬಳಿಗೆ ಒಂದೊಂದು ಕೇರಿ. ಇವಳ ಕೇರಿಗೆ ಅವಳು ಕಾಲಿಡುವುದಿಲ್ಲ. ಆದರೆ ಬುಟ್ಟಿ ಕೆಲವು ದಿನ ಬರಲಿಲ್ಲವೆಂದರೆ ಕೇರಿ ಬಿಟ್ಟಂತೆ. ಬೇರೆಯವಳು ಹಿಡಿದರೆ ಮತ್ತೆ ಕೇಳುವ ಹಾಗಿಲ್ಲ. ಶಿರಾಲಿಯ ಲಕ್ಕಿ ಆಗಲೇ ಮನೆಮನೆ ವಿಚಾರಿಸುತ್ತಿದ್ದಳು. ಸುಬ್ಬಿಯ ಮಗಳು ಗಂಗೆ ಬಾಣಂತಿ. ಆ ಮೂರು ಜೀವ ನಡೆಯುತ್ತಿದ್ದದ್ದು ಒಂದು ಬುಟ್ಟಿಯ ಮೇಲೆ.

ಸುಬ್ಬಿ ಪಕ್ಕದ ಮನೆಯವಳನ್ನು ಕಳಿಸಿ ವೆಂಕ್ಟ್ರಮಣನಲ್ಲಿ ಸಹಾಯ ಕೇಳಿಸಿದಳು. ಅವನು ಕಟ್ಟಿದ ಕೈ ತೋರಿಸಿ ಅತ್ತ. ಸಂಘದವರನ್ನು ಕೇಳಿಸಿದಳು. ಅವರು ಅಧ್ಯಕ್ಷರನ್ನು ಕೇಳು ಎಂದರು. ಫೌಜದಾರರು, "ಕಲ್ಲಿಗೆ ಬೇಡಿ ಹಾಕೂದು ಹೇಗೆ ಮಾರಾಯ್ತಿ?" ಎಂದು ನಕ್ಕರು. ಕೊನೆಗೆ ಎತ್ತಿನ ಗಾಡಿಯಲ್ಲಿ ನಮ್ಮ ಅಂಗಳಕ್ಕೇ ಬಂದಳು.

"ಒಡೆಯಾ, ನಾ ದುಡ್ಡು ಕೇಳೂಕೆ ಬಂದದ್ದಲ್ಲ. ಕಾಲು ಕೂಡೂವರೆಗೆ ನನ್ನ ಬುಟ್ಟಿ ಹೊರೂಕೆ ಒಬ್ರು ಬೇಕು."

"ಅಧ್ಯಕ್ಷ ಜಟಗ. ಅವನ್ನೇ ಕೇಳು" ಎಂದ ಅಪ್ಪಯ್ಯ, ಕಂಬ ನೋಡುತ್ತಾ.

ಅದೇ ದಿನ ಊಟಕ್ಕೆ ಬಂದಿದ್ದ ತ್ರ್ಯಂಬಕ ಮಾವನ ಜೊತೆ ಅಪ್ಪಯ್ಯ ಒಳಗೆ ಹೋಗಿ ಎಲೆಯ ಮುಂದೆ ಕೂತ. ನಾನು ಬೇಕೆಂದೇ ಇನ್ನೂ ಅಂಗಳದಲ್ಲಿದ್ದ ಸುಬ್ಬಿಗೆ ಕೇಳುವಂತೆ ಗಟ್ಟಿಯಾಗಿ ಕೇಳಿದೆ: "ಮಾವಾ, ದೇವರು ಮಗು ಹೇಳಾದ್ರೆ, ಮಗು ಮಾಡಿದ್ದಕ್ಕೆ ಯಾರನ್ನ ಕೇಳಕ್ಕು?"

ಮಾವ ಮಜ್ಜಿಗೆ ಸುರಿದುಕೊಳ್ಳುತ್ತಾ ಹೇಳಿದ: "ಪಾಲಕನ್ನ ಕೇಳಕ್ಕು. ಕಾಯಿ ತಿಂಬಲೆ ಪಾಲಕ, ಪೆಟ್ಟು ತಿಂಬಲೆ ಮಗು ಹೇಳಿ ಮಾಡಲೆ ಬತ್ತಿಲ್ಲೆ. ಅದೂ ಇರಲಿ ಭಾವಾ, ಕೋರ್ಟಿಗೆ ಹೋದ್ರೆ ಜಟಗನ ಸುದ್ದಿ ಯಾರೂ ಕೇಳ್ತ್ವಿಲ್ಲೆ. ಬ್ರೇಕು ತೆಗೆಸಿದವ ಯಾರು ಹೇಳಿ ಕೇಳ್ತ."

ಅಪ್ಪಯ್ಯನಿಗೆ ಅನ್ನ ನೆತ್ತಿಗೇರಿತು. ಬಡಿಸುತ್ತಿದ್ದ ಆಯಿ, ನನ್ನ ಅಮ್ಮ, ಬೆನ್ನು ತಟ್ಟಿದಳು, ಸ್ವಲ್ಪ ಜೋರಾಗಿಯೇ. ಅಂಗಳದಲ್ಲಿ ಗಾಡಿ ಹೊರಟ ಸದ್ದಾಯಿತು.

ಮರುದಿನ ಬೆಳಿಗ್ಗೆ ಸುಬ್ಬಿ ಕಟ್ಟೆಯ ಎದುರು ಹಾಜರು. ಗಾಡಿಯಲ್ಲಿ ತುಂಬಿದ ಬಂಗಡೆ ಬುಟ್ಟಿ. ಹೆದ್ದಾರಿಯಲ್ಲಿ ಹೋಗುವವರೆಲ್ಲ ನಿಂತರು. ಮೊಕ್ತೇಸರನಿಲ್ಲದೆ ಪ್ರಸಾದ ಕೇಳುವಂತಿಲ್ಲವಾದ್ದರಿಂದ ಅಪ್ಪಯ್ಯನಿಗೆ ಕರೆ ಹೋಯಿತು. ತಿಮ್ಮ ಎಸಳು ಅಂಟಿಸಿದ. ತಿಮ್ಮನ ಮನೆಗೂ ಸುಬ್ಬಿಯದೇ ಮೀನು ಹೋಗುತ್ತಿದ್ದದ್ದು; ಅಪಘಾತವಾದಂದಿನಿಂದ ಅವನು ಬರೀ ಹುಳಿಯಲ್ಲಿ ಉಣ್ಣುತ್ತಿದ್ದ. ಇದನ್ನು ಸುಮ್ಮನೆ ಹೇಳಿದೆ, ಅಷ್ಟೆ.

"ಜಟಗಾ, ನನ್ನ ಕಾಲು ಮುರದದ್ದು ನಿನ್ನ ಹೊಣೆ ಹೌದೋ ಅಲ್ದೋ?" ಸುಬ್ಬಿ ಕೂಗಿದಳು.

ಬಲದ ಎಸಳು ಬಿತ್ತು. ಅಪ್ಪಯ್ಯನ ಮುಖ ಬೆಳಗಿತು. "ನೋಡಿ! ದೇವರೇ ಒಪ್ಪಿಕೊಂಡ" ಎಂದು ಕೈಮುಗಿದ.

"ಹಂಗಾದ್ರೆ ನನ್ನ ಬುಟ್ಟಿ ನೀನೇ ಹೊರೂಕೆ ಬೇಕು. ನಿಂಗೆ ಕೈಕಾಲು ಇಲ್ಲ. ನಿನ್ನ ತೆಂಗಿನಕಾಯಿ ಹೊತ್ಕಂಡು ಹೋಗವ್ರೇ ನನ್ನ ಮೀನೂ ಹೊರ್ಲೋ?"

ಅಪ್ಪಯ್ಯನ ಕೈ ಮುಗಿದಲ್ಲೇ ಉಳಿಯಿತು. ಈ ಸಲ ಎಸಳು ಕಾಯಿಸಲೂ ಇಲ್ಲ, ಟಪ್ಪೆಂದು ಬಲಕ್ಕೆ ಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ತಿಮ್ಮ ಧಾರಾಳಿ.

"ಆಳು ಕಳಿಸ್ತೇನೆ" ಎಂದ ಅಪ್ಪಯ್ಯ, ದನಿ ತಗ್ಗಿಸಿ.

"ಅದನ್ನೂ ಕೇಳ್ವಾ" ಎಂದ ತಿಮ್ಮ ಬಹಳ ವಿನಯದಿಂದ. ಎಡದ ಎಸಳು ಬಿತ್ತು.

ಅಪ್ಪಯ್ಯ ಒಲ್ಲೆನೆನ್ನಬಹುದಿತ್ತು. ಒಲ್ಲೆನೆಂದರೆ ಮೊಕ್ತೇಸರಿಕೆ ಹೋಗುತ್ತದೆ, ಅದರ ಹಿಂದೆ ಮರಗಳೂ ಹೋಗುತ್ತವೆ. ಮಾಡಿದ್ದುಣ್ಣೋ ಮಾರಾಯ ಎಂದು ಗುಂಪಿನಲ್ಲಿ ಯಾರೋ ಅಂದದ್ದು ನನಗೂ ಕೇಳಿತು. ಅದು ನಮ್ಮ ಆಯಿಯ ದನಿಯಂತಿತ್ತು.

ಹೀಗೆ ಮಾವಳ್ಳಿಯ ಮಹಾಬಲ ಹೆಗಡೆ ಮೀನು ಹೊತ್ತ. ಪಂದ್ಯದಲ್ಲಿ ಓಡಿದ್ದ ಒಂದು ಸೈಕಲ್ಲಿನ ಕ್ಯಾರಿಯರಿಗೆ ಬಾಳೆಲೆ ಹಾಸಿ, ಬುಟ್ಟಿ ಕಟ್ಟಿ, ಮೂಗಿಗೆ ಪಂಚೆಯ ತುದಿ ಒತ್ತಿಕೊಂಡು ಕೇರಿಕೇರಿ ತಳ್ಳಿದ. ಬಂಗಡೆ ಎಂದು ಕೂಗಲು ಬಾಯಿ ಬರಲಿಲ್ಲ. ಸೈಕಲ್ಲಿನ ಗಂಟೆ ಬಾರಿಸಿದ. ಹೌದು, ಆ ಸೈಕಲ್ಲಿಗೆ ಗಂಟೆಯೂ ಬ್ರೇಕೂ ದಾಸನಿಂದಲೇ ಮತ್ತೆ ಕೂತಿದ್ದವು. ಗಂಟೆ ಕೇಳಿದರೆ ಹೆಂಗಸರು ತಟ್ಟೆ ಹಿಡಿದು ನಗು ನುಂಗುತ್ತಾ ಬರುತ್ತಿದ್ದರು, ತಾವೇ ಎಣಿಸಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಬಾವಿಕಟ್ಟೆಯಲ್ಲಿ ಮಿಂದಲ್ಲದೆ ಒಳಗಿಲ್ಲ. ಮಿಂದರೂ ಆಯಿ ಬಡಿಸುತ್ತಿದ್ದದ್ದು ಜಗಲಿಯಲ್ಲಿ. ನಾನು ಮೊದಮೊದಲು ಹೊಟ್ಟೆ ಹಿಡಿದು ನಕ್ಕೆ. ಒಂದು ದಿನ ಆತ ಜಗಲಿಯಲ್ಲಿ ಕಾಲು ಚಾಚಿ, "ಆ ಹೆಂಗಸು ಇಷ್ಟು ಭಾರ ತಲೆ ಮೇಲೆ ಹೊರ್ತಿತ್ತು ವನಮಾಲಿ. ದಿನಾ" ಎಂದ. ಆಮೇಲೆ ನಗು ಬರಲಿಲ್ಲ.

ಲಕ್ಕಿ ಶಿರಾಲಿಯಲ್ಲೇ ಉಳಿದಳು. ಮಳೆಗಾಲಕ್ಕೆ ಮೊದಲು ಸುಬ್ಬಿ ತನ್ನ ಬುಟ್ಟಿ ವಾಪಸು ಪಡೆದಳು. ಕೇರಿ ಉಳಿಯಿತು. ಕಾಲು ಮಾತ್ರ ನೆಟ್ಟಗಾಗಲಿಲ್ಲ. ಒಂದು ಬದಿಗೆ ವಾಲಿ ವಾಲಿ ನಡೆಯುವ ಅವಳನ್ನು ನೋಡಿದಾಗ ಇವತ್ತಿಗೂ ನನಗೆ ಸಿಟ್ಟೇ ಬರುತ್ತದೆ. ಅದಕ್ಕೆ ಯಾವ ಎಸಳೂ ಉತ್ತರ ಹೇಳಲಿಲ್ಲ.

ಮುಂದಿನ ವರ್ಷವೂ ಪಂದ್ಯ ನಡೆಯಿತು. ಫೌಜದಾರರು ಹಳೆಯ ಪ್ರಶ್ನೆ ಕೇಳುವ ಮೊದಲೇ ಅಪ್ಪಯ್ಯ "ನಂದು" ಎಂದನಂತೆ. ಭಟ್ಕಳದಲ್ಲಿ ಒಂದೊಂದು ಸೈಕಲ್ಲಿನ ಬ್ರೇಕನ್ನೂ ತಾನೇ ಹಿಂಡಿ ನೋಡಿ, ಮೊದಲ ಬಸ್ಸು ಹಿಡಿದು ಬಂದು, ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ತಾನೇ ನಿಂತ.

ಸೈಕಲ್ಲುಗಳು ಇಳಿಜಾರಿನ ತುದಿಯಲ್ಲಿ ಕಂಡವು. ಅದೇ ಹೊತ್ತಿಗೆ ಸುಬ್ಬಿ, ತಲೆಯ ಮೇಲೆ ಬುಟ್ಟಿ, ರಸ್ತೆ ದಾಟಲು ಬಂದಳು. ಅಪ್ಪಯ್ಯ ರಸ್ತೆಯ ನಡುವೆ ಹಾರಿ ಬಾವುಟ ಬೀಸಿ ಬೊಬ್ಬೆ ಹಾಕಿದ: "ಹಿಡೀರೋ ಬ್ರೇಕು!" ಮುಂದಿದ್ದವರು, ಹಿಂದಿದ್ದವರು, ಅವರ ಹಿಂದೆ ಬಂದ ಬಸ್ಸು ಎಲ್ಲ ಕಿರುಗುಟ್ಟಿ ನಿಂತವು.

ಸುಬ್ಬಿ ವಾಲುತ್ತಾ ನಡೆದಳು. ರಸ್ತೆಯ ನಟ್ಟನಡುವೆ ನಿಂತು ಸೆರಗು ಸರಿಮಾಡಿಕೊಂಡಳು, ಬುಟ್ಟಿ ಸರಿಮಾಡಿಕೊಂಡಳು. ಸಾಲಾಗಿ ನಿಂತು ಏದುಸಿರು ಬಿಡುತ್ತಿದ್ದ ಸ್ಪರ್ಧಿಗಳನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಅವಸರ ಇಲ್ಲೆ ಮಾರಾಯ್ತಿ" ಎಂದ ಅಪ್ಪಯ್ಯ, ಬಾವುಟ ಎತ್ತಿ ಹಿಡಿದುಕೊಂಡೇ.

"ನಂಗೆಂತ ಅವಸರ ಒಡೆಯಾ?" ಎಂದಳು ಸುಬ್ಬಿ, ಮತ್ತೊಂದು ಸಲ ಸೆರಗು ಸರಿಮಾಡಿಕೊಳ್ಳುತ್ತಾ.